ಗೂಟದ ಕಾರು

ಗಾಡಿಯ ಗೇರ್ ಬಾಕ್ಸು ನಾನೇ ಇಳಿಸ್ತಿದ್ದೀನಿ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಪಕ್ಕದಲ್ಲಿ ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ದನಿ ತಗ್ಗಿಸಿ ಕೇಳಿದರು: “ಯಾಕೋ, ಕೆಲಸ ಹೋಯ್ತೇನೋ?”

ಹಾಸನದ ಜಗಲಿಯಲ್ಲಿ ಕೂತು ನೋಡಿದರೆ ಅವರ ಲೆಕ್ಕ ಸರಿಯೇ. ಅಮೆರಿಕಕ್ಕೆ ಕಳಿಸಿದ ಮಗ ಕಂಪ್ಯೂಟರಿನ ಮುಂದೆ ಕೂರಬೇಕು. ಗಾಡಿಯ ಅಡಿಯಲ್ಲಿ ಮಲಗುವುದಾದರೆ ಇಂಜಿನಿಯರಿಂಗ್ ಸೀಟಿಗೆ ಅಷ್ಟೊಂದು ಒದ್ದಾಡಿದ್ದು ಯಾಕೆ? ಅಲ್ಲಿ ಮೆಕ್ಯಾನಿಕ್ಕುಗಳು ಇಲ್ಲವೇ ಎಂದರು. ಇದ್ದಾರಮ್ಮ, ಆದರೆ ಅವರು ಕೇಳುವ ದುಡ್ಡಿಗೆ ಇದೇ ಥರದ ಇನ್ನೊಂದು ಗಾಡಿ ಬರುತ್ತೆ, ಮೇಲೆ ಚಿಲ್ಲರೆಯೂ ಉಳಿಯುತ್ತೆ ಎಂದೆ. “ಹಂಗಾದ್ರೆ ಇನ್ನೊಂದು ಗಾಡೀನೇ ತಗೋ” ಎಂದರು. ಅಮ್ಮನ ಲೆಕ್ಕ ಯಾವತ್ತೂ ತಪ್ಪುವುದಿಲ್ಲ. ಅದನ್ನು ಕೇಳದೆ ಇರಲು ನನ್ನ ಹತ್ತಿರ ಯಾವತ್ತೂ ಒಂದು ಕಾರಣ ಇರುತ್ತದೆ.

ಈ ಸಲದ ಕಾರಣ ಋಣ. ಮಿಷಿಗನ್ ರಾಜ್ಯದ ಕ್ಯಾಂಟನ್ ಎಂಬ ನಮ್ಮ ಊರಿನಲ್ಲಿ ಕನ್ನಡದ ಸಂಸಾರಗಳು ಸಾಕಷ್ಟಿವೆ. ಅವರ ನಾಟಕದ ಸಿಂಹಾಸನ, ನಾಮಕರಣದ ತೊಟ್ಟಿಲು, ಸ್ಪೀಕರು, ಇನ್ನೂರು ಜನಕ್ಕೆ ಬಿಸಿಬೇಳೆಬಾತ್ ಮಾಡುವ ಪಾತ್ರೆ ಎಲ್ಲವನ್ನೂ ಹೊತ್ತದ್ದು ಈ ಹದಿನೆಂಟು ವರ್ಷದ ಎತ್ತರದ ಗಾಡಿ. ಅದು ಫೆಬ್ರವರಿಯಲ್ಲಿ ಒಂದು ದಿನ ಎರಡನೇ ಗೇರಿನಿಂದ ಮೂರಕ್ಕೆ ಹೋಗುವ ದಾರಿಯಲ್ಲಿ ಎಲ್ಲೋ ಕಳೆದುಹೋಯಿತು. ಎಂಜಿನ್ ಕೂಗುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ಎಣ್ಣೆಯ ಕಡ್ಡಿ ಎಳೆದು ಮೂಸಿದೆ. ತಳ ಹಿಡಿದ ಹಾಲಿನ ಹಾಗೆ ಸೀದ ವಾಸನೆ. ಕೆಂಪಗಿರಬೇಕಾದ ಎಣ್ಣೆ ಮೂರು ಸಲ ಕುದಿಸಿದ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಒಳಗಿನ ಕ್ಲಚ್ಚಿನ ಬಿಲ್ಲೆಗಳು ಸವೆದು ಎಣ್ಣೆಯಲ್ಲಿ ಕರಗಿದ್ದವು. ಗ್ಯಾರೇಜಿನವರು 4,200 ಡಾಲರ್ ಎಂದರು. ಗಾಡಿಯನ್ನು ಮಾರಿದರೆ 3,000 ಬಂದರೆ ಹೆಚ್ಚು. ಗುಜರಿಯಲ್ಲಿ ಅದೇ ಮಾದರಿಯ ಗೇರ್ ಬಾಕ್ಸು 450ಕ್ಕೆ ಸಿಕ್ಕಿತು. ಮೇಲೆ 75 ಡಾಲರ್ ಠೇವಣಿ, ನಮ್ಮ ಹಳೆಯದನ್ನು ತಂದುಕೊಟ್ಟರೆ ವಾಪಸ್.

ಇಲ್ಲಿ ನನ್ನ ಸೋದರಮಾವನ ವಿಷಯ ಹೇಳಬೇಕು. ಮಾವ ಸರ್ಕಾರಿ ಬಸ್ಸಿನ ಡ್ರೈವರ್, ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿಯ ಮೇಲೆ. ರಜದಲ್ಲಿ ನನ್ನನ್ನು ಬಾನೆಟ್ಟಿನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಆ ಹಳೆಯ ಬಸ್ಸುಗಳಲ್ಲಿ ಗೇರು ಸುಮ್ಮನೆ ಬೀಳುತ್ತಿರಲಿಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕಾಲು ಬಿಟ್ಟು, ಆಕ್ಸಿಲರೇಟರಿನಲ್ಲಿ ಎಂಜಿನ್ನಿಗೆ ಒಂದು ಗುಕ್ಕು ಕೊಟ್ಟು, ಮತ್ತೆ ಕ್ಲಚ್ ಒತ್ತಿ, ಆಮೇಲೆ ಗೇರು. ಎರಡು ಹಲ್ಲುಚಕ್ರಗಳ ವೇಗ ಕೂಡಿಬಂದ ಕ್ಷಣವನ್ನು ಮಾವ ಕಿವಿಯಿಂದಲೇ ಹಿಡಿಯುತ್ತಿದ್ದರು. ಗೇರಿನ ಕಡ್ಡಿಯ ತುದಿಯ ಕರಿಗುಂಡಿನ ಮೇಲೆ ಅಂಗೈ ಇಟ್ಟು ಹೇಳುತ್ತಿದ್ದರು: “ಗೇರು ಹಾಕೋದಲ್ಲ ಕಣೋ, ಅದು ಬೀಳಬೇಕು. ನೂಕಿದ್ಯೋ, ಹಲ್ಲು ಹೋಗುತ್ತೆ.” ಹಲ್ಲು ಯಾರದ್ದು ಎಂದು ನಾನು ಆಗ ಕೇಳಿರಲಿಲ್ಲ.

ಮಾವನ ಕಿವಿ ಮಾಡುತ್ತಿದ್ದ ಕೆಲಸವನ್ನು ಎಣ್ಣೆಯಿಂದ ಮಾಡಿಸುವ ಆಟೊಮ್ಯಾಟಿಕ್ ಪೆಟ್ಟಿಗೆ ದೊಡ್ಡ ಪ್ರಮಾಣದಲ್ಲಿ ತಯಾರಾದದ್ದು ನಾನೀಗ ಬದುಕುತ್ತಿರುವ ಈ ನೆಲದಲ್ಲೇ. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಹೈಡ್ರಾ-ಮ್ಯಾಟಿಕ್ ಎಂಬ ಹೆಸರಿನಲ್ಲಿ ಬಂತು. ಎರಡನೇ ಮಹಾಯುದ್ಧದಲ್ಲಿ ಟ್ಯಾಂಕುಗಳ ಹೊಟ್ಟೆಯನ್ನೂ ಸೇರಿತು. ಅದನ್ನು ಮಾಡುತ್ತಿದ್ದ ಕಾರ್ಖಾನೆ ನಮಗೆ ಹತ್ತಿರದ ಲಿವೋನಿಯಾದಲ್ಲಿತ್ತು. 1953ರ ಆಗಸ್ಟ್ 12ರಂದು ಬೆಸುಗೆಯ ಕಿಡಿಯೊಂದು ಹಾರಿ ಇಡೀ ಕಾರ್ಖಾನೆ ಸುಟ್ಟು ಕರಕಲಾಯಿತು. ಕೆಲಸ ಎದ್ದು ಹೋದದ್ದು ಇಪ್ಸಿಲಾಂಟಿ ಪಕ್ಕದ ವಿಲೋ ರನ್‌ಗೆ, ಯುದ್ಧಕಾಲದಲ್ಲಿ ಫೋರ್ಡ್ ಕಂಪನಿ ಬಿ-24 ಬಾಂಬರ್ ವಿಮಾನಗಳನ್ನು ಸಾಲುಸಾಲಾಗಿ ಹೊರಹಾಕಿದ ಅದೇ ಸೂರಿನಡಿಗೆ. 2010ರಲ್ಲಿ ಮುಚ್ಚುವ ತನಕ ಅಲ್ಲಿ ಗೇರ್ ಬಾಕ್ಸುಗಳು ಹುಟ್ಟುತ್ತಲೇ ಇದ್ದವು.

ನಮ್ಮ ಪಕ್ಕದ ಮನೆಯ ಯಜಮಾನರು ಅಲ್ಲಿ ಮೂವತ್ತು ವರ್ಷ ದುಡಿದವರು. ನನ್ನ ಮಕ್ಕಳು ಅವರನ್ನು ‘ಅಜ್ಜ’ ಎಂದೇ ಕರೆಯುತ್ತಾರೆ, ಅವರೂ ಆ ಹೆಸರಿಗೆ ತಿರುಗಿ ನೋಡುತ್ತಾರೆ. ಅವರ ಇಂಗ್ಲಿಷಿನ ‘ಯೂ’ ಕೂಡ ನನ್ನ ಕಿವಿಗೆ ‘ನೀನು’ ಎಂದೇ ಕೇಳಿಸುತ್ತದೆ. ಎರಡೂ ಮೊಣಕಾಲು ಹೋಗಿವೆ. ಹಾಗಾಗಿ ಮಡಚುವ ಕುರ್ಚಿಯನ್ನು ನನ್ನ ಗ್ಯಾರೇಜಿನ ಬಾಗಿಲಿಗೆ ಹಾಕಿಕೊಂಡು ಕೂರುವುದಷ್ಟೇ ತಮ್ಮ ಪಾಲು ಎಂದು ಮೊದಲೇ ಹೇಳಿದ್ದರು.

ಬಿಚ್ಚುವ ಕೆಲಸದ ಬಗ್ಗೆ ಹೇಳುವಂಥದ್ದೇನಿಲ್ಲ. ಬಿಚ್ಚುವುದಕ್ಕೆ ಬುದ್ಧಿ ಬೇಕಿಲ್ಲ, ತುಕ್ಕು ಮತ್ತು ತಾಳ್ಮೆಗೆ ಬಿದ್ದ ಜಗಳ ಅದು. ಒಂದು ವಾರಾಂತ್ಯ ಹಿಡಿಯಿತು. ಬಾಡಿಗೆ ಜಾಕಿಯ ಮೇಲೆ ಎಪ್ಪತ್ತು ಕಿಲೋ ತೂಕದ ಹಳೆಯ ಪೆಟ್ಟಿಗೆ ಕೆಳಗಿಳಿದಾಗ ನನ್ನ ಜಂಬ ಅಷ್ಟೇ ಎತ್ತರಕ್ಕೆ ಏರಿತ್ತು. ಅದನ್ನು ಮೂಲೆಗೆ ತಳ್ಳಿ ಮೇಲೊಂದು ಟಾರ್ಪಾಲು ಹೊದಿಸಿದೆ. ಆ ಟಾರ್ಪಾಲನ್ನು ನೆನಪಿಟ್ಟುಕೊಳ್ಳಿ.

ಕಷ್ಟ ಶುರುವಾದದ್ದು ಟಾರ್ಕ್ ಕನ್ವರ್ಟರಿನಲ್ಲಿ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕುಳಿತುಕೊಳ್ಳುವ, ದೊಡ್ಡ ಕುಂಬಳಕಾಯಿಯಂಥ ಲೋಹದ ಗಡಿಗೆ ಅದು. ಕೈಯಿಂದ ಗೇರು ಹಾಕುವ ಗಾಡಿಯಲ್ಲಿ ಕ್ಲಚ್ ಇರುವ ಜಾಗ. ಮಜ್ಜಿಗೆ ಕಡೆಯುತ್ತಿರುವ ಗಡಿಗೆಯಲ್ಲಿ ಇನ್ನೊಂದು ಕಡೆಗೋಲನ್ನು ಸುಮ್ಮನೆ ಇಳಿಬಿಟ್ಟರೆ, ಯಾರೂ ಹಗ್ಗ ಎಳೆಯದಿದ್ದರೂ ಅದು ಮಜ್ಜಿಗೆಯ ಸುಳಿಗೆ ಸಿಕ್ಕಿ ತಿರುಗತೊಡಗುತ್ತದೆ. ಒಂದು ಕಡೆಗೋಲು ಎಂಜಿನ್ನಿನದು, ಇನ್ನೊಂದು ಗೇರ್ ಬಾಕ್ಸಿನದು. ಎರಡೂ ಒಂದಕ್ಕೊಂದು ತಾಕುವುದಿಲ್ಲ, ನಡುವೆ ಇರುವುದು ಬರೀ ಎಣ್ಣೆ. ನಿಂತಲ್ಲಿ ನಿಂತೇ ಎಂಜಿನ್ ಓಡುತ್ತಿದ್ದರೂ ಗಾಡಿ ಆಫ್ ಆಗದಿರುವುದು ಈ ಕಾರಣಕ್ಕೆ. ಎರಡರ ನಡುವೆ ಮೂರನೆಯದೊಂದು ರೆಕ್ಕೆಯ ಚಕ್ರ ಕೂತು, ವಾಪಸ್ಸು ಬರುವ ಎಣ್ಣೆಯನ್ನು ತಿರುಗಿಸಿ ಕಳಿಸಿ ಎಳೆತ ಹೆಚ್ಚಿಸುತ್ತದೆ. ಹರ್ಮನ್ ಫೊಟಿಂಗರ್ ಎಂಬ ಜರ್ಮನ್ ಎಂಜಿನಿಯರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ಹಬೆಯ ಟರ್ಬೈನ್ ತಿರುಗುವ ವೇಗ ಹಡಗಿನ ಪ್ರೊಪೆಲರಿಗೆ ವಿಪರೀತ. ನಡುವೆ ಒಬ್ಬ ದಲ್ಲಾಳಿ ಬೇಕಿತ್ತು.

ಈ ಗಡಿಗೆಯನ್ನು ಗೇರ್ ಬಾಕ್ಸಿನ ಮೂತಿಗೆ ತೂರಿಸುವಾಗ ಅದು ಮೂರು ಕಡೆ ಹಲ್ಲು ಕಚ್ಚಬೇಕು: ನಡುವಿನ ದಂಡಕ್ಕೆ ಒಮ್ಮೆ, ಅದರ ಸುತ್ತಲಿನ ಕೊಳವೆಗೆ ಒಮ್ಮೆ, ಕೊನೆಗೆ ಎಣ್ಣೆಯ ಪಂಪಿಗೆ ಒಮ್ಮೆ. ತಿರುಗಿಸುತ್ತಾ ಒತ್ತುತ್ತಾ ಹೋದರೆ ಪ್ರತಿ ಸಲವೂ ‘ಕಟಕ್’ ಎಂದು ಒಂದು ಮೆಟ್ಟಿಲು ಒಳಗೆ ಬೀಳುತ್ತದೆ. ನಾನು ಒಬ್ಬನೇ ಇದ್ದ ಶನಿವಾರ ಎರಡು ಕಟಕ್ ಕೇಳಿದವು. ಎರಡು ಸಾಕು ಅನ್ನಿಸಿತು. ಪೆಟ್ಟಿಗೆಯನ್ನು ಜಾಕಿಯಲ್ಲಿ ಎತ್ತಿ ಎಂಜಿನ್ನಿನ ಬೆನ್ನಿಗೆ ತಂದರೆ, ಎರಡರ ನಡುವೆ ಒಂದು ಬೆರಳು ತೂರುವಷ್ಟು ಸಂದು. ಎಷ್ಟು ನೂಕಿದರೂ ಮುಚ್ಚುವುದಿಲ್ಲ.

ಎಲ್ಲ ಹೊಸಬರಿಗೂ ಆ ಹೊತ್ತಿಗೆ ಒಂದೇ ಯೋಚನೆ ಬರುತ್ತದಂತೆ: ಹೇಗೂ ಬೋಲ್ಟುಗಳಿವೆ, ಬಿಗಿ ಮಾಡುತ್ತಾ ಹೋದರೆ ಎಳೆದುಕೊಂಡು ಬರುತ್ತದೆ. ಬರುತ್ತದೆ, ನಿಜ. ಜೊತೆಗೆ ಪಂಪು ಒಳಗೊಳಗೇ ಸೀಳಿಹೋಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಎಲ್ಲ ಮುಗಿಸಿ ಎಂಜಿನ್ ಚಾಲೂ ಮಾಡಿದಾಗ ಗೊತ್ತಾಗುತ್ತದೆ. ನಾನು ಎರಡು ಬೋಲ್ಟು ಕೊಟ್ಟು, ಸ್ಪ್ಯಾನರನ್ನು ಅರ್ಧ ಸುತ್ತು ತಿರುಗಿಸಿಯೂ ಆಗಿತ್ತು. ಕೈ ನಿಂತದ್ದು ಜ್ಞಾನದಿಂದಲ್ಲ, ಮಾವನ ಹಲ್ಲಿನ ಮಾತಿನಿಂದ. ನೂಕುತ್ತಿದ್ದೇನಲ್ಲ ಅನ್ನಿಸಿತು. ಬಿಚ್ಚಿ ಕೆಳಗಿಳಿಸಿ, ಅಜ್ಜನನ್ನು ಕರೆದೆ.

ಅಜ್ಜ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. “ತಿರುಗಿಸು. ಒತ್ತಬೇಡ, ಬರೀ ತಿರುಗಿಸು.” ಕನ್ವರ್ಟರನ್ನು ಮುಂದಕ್ಕೆಳೆದು ಮೊದಲಿನಿಂದ ಶುರು ಮಾಡಿದೆ. ಕಟಕ್. “ಒಂದು.” ಸ್ವಲ್ಪ ಹೊತ್ತಿಗೆ ಇನ್ನೊಂದು. “ಎರಡು.” ಆಮೇಲೆ ಇಪ್ಪತ್ತು ನಿಮಿಷ ಏನೂ ಇಲ್ಲ. ಹೊರಗೆ ಹಿಮ ಕರಗಿ ಸೂರಿನಿಂದ ತೊಟ್ಟಿಕ್ಕುತ್ತಿತ್ತು. ಹೊತ್ತು ಹೋಗಲೆಂದು ಅಜ್ಜ ತಿಮಿಂಗಿಲದ ಕತೆ ಹೇಳಿದರು. ಅವರು ಕೆಲಸಕ್ಕೆ ಸೇರಿದ ಕಾಲದವರೆಗೂ ಈ ಗೇರ್ ಬಾಕ್ಸುಗಳ ಎಣ್ಣೆಯಲ್ಲಿ ಸ್ಪರ್ಮ್ ತಿಮಿಂಗಿಲದ ಕೊಬ್ಬಿನೆಣ್ಣೆ ಬೆರೆಸುತ್ತಿದ್ದರಂತೆ. ಕ್ಲಚ್ಚಿನ ಬಿಲ್ಲೆಗಳು ಜಗ್ಗದೆ ನಯವಾಗಿ ಕಚ್ಚಲು ಅದಕ್ಕೆ ಸಮನಾದದ್ದು ಇರಲಿಲ್ಲ. 1970ರ ದಶಕದ ಆರಂಭದಲ್ಲಿ ಅಳಿವಿನಂಚಿನ ಪ್ರಾಣಿಗಳ ಕಾಯಿದೆ ಬಂದು ಅದು ನಿಂತಿತು. ಸದ್ಯ, ಅಮ್ಮನಿಗೆ ಹೇಳಬೇಕಾದ ವಿಷಯಗಳ ಪಟ್ಟಿಯಿಂದ ಒಂದು ಕಡಿಮೆಯಾಯಿತು ಎಂದುಕೊಂಡೆ. ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ ಹಾಕುವುದಕ್ಕೂ ವಾರ ನೋಡುವ ಹೆಂಗಸು ಅವರು.

ಕಟಕ್.

ಈ ಸಲದ್ದು ಬೇರೆ ಥರ, ದಪ್ಪ ದನಿ. ಕೈಯ ಕೆಳಗೆ ಇಡೀ ಭಾರ ಒಂದು ಬೆರಳಿನಷ್ಟು ಒಳಗೆ ಸರಿಯಿತು. ಅಜ್ಜ ಕಣ್ಣು ತೆರೆಯದೆ “ಬಿತ್ತು” ಎಂದರು. ಅವರ ಬಾಯಲ್ಲಿ ಬಂದ ಇಂಗ್ಲಿಷ್ ಪದ ಏನಿತ್ತೋ ನೆನಪಿಲ್ಲ, ನನಗೆ ಕೇಳಿಸಿದ್ದು ಇದೇ. ಈಗ ಪೆಟ್ಟಿಗೆಯನ್ನು ಎತ್ತಿದರೆ ಎಂಜಿನ್ನಿಗೆ ಸರಾಗವಾಗಿ ಹೋಗಿ ಅಂಟಿಕೊಂಡಿತು. ಕೈಯಿಂದ ಮುಟ್ಟಿದರೆ ಕನ್ವರ್ಟರು ಆಡುತ್ತಿತ್ತು, ಮೂರು-ನಾಲ್ಕು ಮಿಲಿಮೀಟರ್ ಸಂದೂ ಇತ್ತು, ಇರಬೇಕಾದಷ್ಟು.

ಪೆಟ್ಟಿಗೆಯನ್ನು ಎತ್ತುವ ಮೊದಲು ಅಜ್ಜ ಒಂದು ಪ್ರಶ್ನೆ ಕೇಳಿದ್ದರು. “ಎಂಜಿನ್ನಿನಲ್ಲಿ ಗೂಟ ಎರಡೂ ಇವೆಯಲ್ಲ?”

“ಹ್ಞೂಂ” ಎಂದೆ.

ನೋಡಿರಲಿಲ್ಲ. ಸುಳ್ಳು ಹೇಳಬೇಕೆಂದೂ ಇರಲಿಲ್ಲ. ಹುಟ್ಟಿದಾಗಿನಿಂದ ನನ್ನ ಬಾಯಿಗೆ ಅಂಟಿಬಂದ ಹ್ಞೂಂ ಅದು. ಗ್ಯಾಸ್ ಆಫ್ ಮಾಡಿದ್ಯಾ? ಹ್ಞೂಂ. ಹೋಮ್‌ವರ್ಕ್ ಆಯ್ತಾ? ಹ್ಞೂಂ. ಟೆಸ್ಟ್ ಮಾಡಿ ತಾನೇ ಕೋಡ್ ಕಳಿಸಿದ್ದು? ಹ್ಞೂಂ. ಪ್ರಶ್ನೆ ಬಂದ ಕೂಡಲೇ, ಕಣ್ಣಿಗೂ ತಲೆಗೂ ಸುದ್ದಿ ಮುಟ್ಟಿಸದೆ, ಗಂಟಲೇ ಉತ್ತರ ಕೊಟ್ಟುಬಿಡುತ್ತದೆ. ಆಟೊಮ್ಯಾಟಿಕ್.

ಉಳಿದ ತಪ್ಪುಗಳು ಇದರ ಮುಂದೆ ಚಿಲ್ಲರೆ. ಎಲ್ಲ ಜೋಡಿಸಿ ಕೀಲಿ ತಿರುಗಿಸಿದರೆ ಸ್ಟಾರ್ಟರು ಉಸಿರೇ ಎತ್ತಲಿಲ್ಲ. ಬ್ಯಾಟರಿ ನೋಡಿದೆ, ಫ್ಯೂಸು ನೋಡಿದೆ, ವೈರು ಎಲ್ಲಿ ಸಿಕ್ಕಿಕೊಂಡಿದೆಯೋ ಎಂದು ಮತ್ತೆ ಅಡಿಯಲ್ಲಿ ಮಲಗಿದೆ. ಕಾಫಿ ತಂದ ಹೆಂಡತಿ ಗಾಡಿಯ ಹಿಂದೆ ನಿಂತು, “ರೀ, ರಿವರ್ಸ್ ಲೈಟು ಯಾಕೆ ಉರೀತಿದೆ? ನೀವು ಪಾರ್ಕಲ್ಲಿ ತಾನೇ ಇಟ್ಟಿರೋದು?” ಎಂದಳು. ಮೂರು ಗಂಟೆಯ ನನ್ನ ಸಂಶೋಧನೆ ಆ ಒಂದು ಮಾತಿಗೆ ಮುಗಿಯಿತು. ಕೇಬಲ್ ಕೂರಿಸುವಾಗ ಒಂದು ಮನೆ ಹಿಂದೆಮುಂದಾಗಿತ್ತು. ಒಳಗೆ ಕಡ್ಡಿ ‘ಪಿ’ ತೋರಿಸುತ್ತಿದೆ, ಕೆಳಗೆ ಪೆಟ್ಟಿಗೆ ‘ಆರ್’ನಲ್ಲಿದೆ. ಪಾರ್ಕ್ ಅಥವಾ ನ್ಯೂಟ್ರಲ್ ಬಿಟ್ಟು ಬೇರೆಲ್ಲಿದ್ದರೂ ಸ್ಟಾರ್ಟರಿಗೆ ಕರೆಂಟು ಹೋಗದಂತೆ ಸ್ವಿಚ್ಚಿದೆ. ಅದು ತನ್ನ ಕೆಲಸ ಮಾಡಿತ್ತು. ಮೊದಲ ಹೈಡ್ರಾ-ಮ್ಯಾಟಿಕ್‌ಗಳಲ್ಲಿ ಪಾರ್ಕ್ ಎಂಬುದೇ ಇರಲಿಲ್ಲ, ರಿವರ್ಸು ಸಾಲಿನ ಕೊನೆಯಲ್ಲಿ, ತಗ್ಗಿನ ಗೇರಿನ ಪಕ್ಕಕ್ಕೇ ಇತ್ತು. ಮುಂದಕ್ಕೆ ಹೋಗಬೇಕಾದವರು ಹಿಂದಕ್ಕೆ ಹೋಗಿ ಗೋಡೆಗೆ ಗುದ್ದುವ ಸಾಧ್ಯತೆ ಕಂಡ ಮೇಲೆ, ಮುಂದಿನ ಮತ್ತು ಹಿಂದಿನ ಗೇರಿನ ನಡುವೆ ನ್ಯೂಟ್ರಲ್ ಇರಲೇಬೇಕು ಎಂದು ಅಮೆರಿಕ ಸರ್ಕಾರ ನಿಯಮ ಮಾಡಿತು. ಅಕ್ಷರಗಳ ಸಾಲನ್ನು ಸರ್ಕಾರ ಸರಿ ಮಾಡಿದೆ. ಕೇಬಲ್ ಸರಿಯಾಗಿ ಸಿಕ್ಕಿಸುವುದನ್ನು ಪ್ರಜೆಗೆ ಬಿಟ್ಟಿದೆ.

ಸ್ಟಾರ್ಟ್ ಆಯಿತು. ‘ಡಿ’ಗೆ ಹಾಕಿದೆ. ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿದ್ದ ಹಿಂದಿನ ಚಕ್ರಗಳು ಅಲ್ಲಾಡಲಿಲ್ಲ. ಎದೆ ಧಸಕ್ಕೆಂದಿತು. 450 ಡಾಲರ್ ಕೊಟ್ಟು ಹೆಣ ತಂದೆನೇ ಎಂದು ಗುಜರಿಯವನಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ. ಅವನದೇನೂ ತಪ್ಪಿರಲಿಲ್ಲ. ತಟ್ಟೆ ಬಿಚ್ಚಿ ಎಣ್ಣೆ ಬದಲಿಸುವಾಗ ಹಿಡಿಯುವ ಐದು ಕ್ವಾರ್ಟ್ ಲೆಕ್ಕವನ್ನೇ ಹಿಡಿದು ಸುರಿದಿದ್ದೆ; ಖಾಲಿ ಪೆಟ್ಟಿಗೆ, ಖಾಲಿ ಕನ್ವರ್ಟರು, ಖಾಲಿ ಕೊಳವೆ ಸೇರಿದರೆ ಹನ್ನೊಂದು ಬೇಕು. ಎಂಜಿನ್ ಓಡುತ್ತಿರುವಾಗಲೇ ಸುರಿಯುತ್ತಾ, ಕಡ್ಡಿ ಎಳೆದು ನೋಡುತ್ತಾ, ಎಂಟನೆಯದಕ್ಕೆ ಬಂದಾಗ ಗಾಡಿಯ ಮೈ ಒಮ್ಮೆ ಜುಂ ಎಂದಿತು. ಚಕ್ರಗಳು ತಿರುಗಿದವು. ಮಕ್ಕಳು ಚಪ್ಪಾಳೆ ತಟ್ಟಿದರು. ಅಜ್ಜ ಕುರ್ಚಿ ಮಡಚಿಕೊಂಡು ಮನೆಗೆ ಹೋದರು.

ಆ ವರ್ಷದ ಯುಗಾದಿ ಕಾರ್ಯಕ್ರಮಕ್ಕೆ ಸಿಂಹಾಸನ ಹೊತ್ತದ್ದು ನನ್ನದೇ ಗಾಡಿ. ಗೇರ್ ಬಾಕ್ಸನ್ನು ನಾನೇ ಹಾಕಿದೆ ಎಂದು ಎಷ್ಟು ಜನರಿಗೆ ಹೇಳಿದೆನೋ ಲೆಕ್ಕವಿಲ್ಲ. ಒಬ್ಬರಿಗೆ ಎರಡು ಸಲ ಹೇಳಿದೆನಂತೆ. ಹೋಳಿಗೆ ಬಡಿಸುತ್ತಿದ್ದವರೊಬ್ಬರು ತಮ್ಮ ಕಾರೂ ಏನೋ ಶಬ್ದ ಮಾಡುತ್ತಿದೆ, ಬಂದು ನೋಡುತ್ತೀರಾ ಎಂದು ಇನ್ನೊಂದು ಹೋಳಿಗೆ ಹಾಕಿದರು.

ಮಿಷಿಗನ್ನಿನಲ್ಲಿ ಏಪ್ರಿಲ್ಲಿನಲ್ಲೂ ಹಿಮ ಬೀಳುತ್ತದೆ. ಒಂದು ಬೆಳಿಗ್ಗೆ ಗಾಡಿ ತೆಗೆದು ಹಿಂದಕ್ಕೆ ಬಂದರೆ, ಅದು ನಿಂತಿದ್ದ ಜಾಗದ ಬಿಳುಪಿನ ಮೇಲೆ ಕೆಂಪು. ಯಾರೋ ಆರತಿಯ ನೀರು ಚೆಲ್ಲಿದ ಹಾಗೆ. ಎಂಜಿನ್ ಆಯಿಲಿನಿಂದ ಬೇರೆ ಎಂದು ತಿಳಿಯಲೆಂದೇ ಈ ಎಣ್ಣೆಗೆ ಕೆಂಪು ಬಣ್ಣ ಬೆರೆಸುತ್ತಾರೆ, ತಿಳಿಯಿತು. ಎಂಜಿನ್ನೂ ಗೇರ್ ಬಾಕ್ಸೂ ಸೇರುವ ಜಾಗದಿಂದಲೇ ತೊಟ್ಟಿಕ್ಕುತ್ತಿತ್ತು. ಅಂದರೆ ಒಳಗಿನ ಮುಂಭಾಗದ ಸೀಲು. ಹೊಸತು ಹಾಕಿ ಎರಡು ತಿಂಗಳೂ ಆಗಿಲ್ಲ.

ಒಂದು ವಾರ ಅದರ ಕೆಳಗೆ ರಟ್ಟು ಇಟ್ಟು ಕಾಲ ತಳ್ಳಿದೆ. ಸೀಲೇ ಕಳಪೆ ಇರಬೇಕು ಎಂದೆ. ಚಳಿಗೆ ಹೀಗಾಗುತ್ತದೆ ಎಂದೆ. ಕಡೆಗೆ ಶನಿವಾರ, ಠೇವಣಿಯ 75 ಡಾಲರ್ ನೆನಪಾಗಿ, ಹಳೆಯ ಪೆಟ್ಟಿಗೆಯ ಮೇಲಿನ ಟಾರ್ಪಾಲು ಎಳೆದೆ. ಅದರ ಮೂತಿಯ ಅಂಚಿನಲ್ಲಿ, ಎದುರುಬದುರಾಗಿ, ಕಿರುಬೆರಳ ತುದಿಯಷ್ಟು ದಪ್ಪದ ಎರಡು ಉಕ್ಕಿನ ಗೂಟಗಳು ನನ್ನನ್ನೇ ನೋಡುತ್ತಿದ್ದವು.

ಬೀಸುವ ಕಲ್ಲು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೆಳಗಿನ ಕಲ್ಲಿನ ನಡುವೆ ಒಂದು ಗೂಟ ಇರುತ್ತದೆ, ಮೇಲಿನದು ಅದರ ಮೇಲೆ ಕೂತು ತಿರುಗುತ್ತದೆ. ಗೂಟ ಸಡಿಲವಾದರೆ ಕಲ್ಲು ಓಲಾಡುತ್ತದೆ, ರಾಗಿ ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ತರಿ. ಎಂಜಿನ್ನಿನ ಬೆನ್ನಿನಲ್ಲಿರುವ ಈ ಎರಡು ಗೂಟಗಳ ಕೆಲಸವೂ ಅಂಥದ್ದೇ: ಬೋಲ್ಟುಗಳು ಬಿಗಿಯಾಗಿ ಹಿಡಿಯುತ್ತವೆ, ಆದರೆ ನಡು ಎಲ್ಲಿದೆ ಎಂದು ಅವಕ್ಕೆ ಗೊತ್ತಿಲ್ಲ, ಅವುಗಳ ತೂತಿನಲ್ಲಿ ಕೂದಲೆಳೆಯಷ್ಟು ಸಡಿಲ ಇರುತ್ತದೆ. ನಡು ತೋರಿಸುವುದು ಗೂಟ. ಹದಿನೆಂಟು ವರ್ಷದ ತುಕ್ಕಿನಲ್ಲಿ ಅವು ಎಂಜಿನ್ ಬಿಟ್ಟು ಹಳೆಯ ಪೆಟ್ಟಿಗೆಯ ಜೊತೆಯಲ್ಲೇ ಕಿತ್ತುಬಂದಿದ್ದವು. ಗುಜರಿಯದರಲ್ಲಿ ಗೂಟವಿಲ್ಲ, ತೂತು ಮಾತ್ರ. ಎರಡು ತಿಂಗಳಿಂದ ನನ್ನ ಕನ್ವರ್ಟರು ನಡು ತಪ್ಪಿ ಓಲಾಡುತ್ತಾ ಸೀಲನ್ನು ತಿಕ್ಕುತ್ತಿತ್ತು.

ನಮ್ಮ ಕಡೆ ಮಂತ್ರಿಗಳ ಕಾರನ್ನು ಗೂಟದ ಕಾರು ಎನ್ನುತ್ತೇವೆ. 2017ರ ಮೇ 1ರಿಂದ ಅವರ ಕೆಂಪು ದೀಪವನ್ನು ತೆಗೆಸಿದರೂ ಮಾತು ಉಳಿದಿದೆ. ನಿಗಮದ ಅಧ್ಯಕ್ಷಗಿರಿ ಸಿಕ್ಕವರನ್ನು ಈಗಲೂ ಗೂಟದ ಕಾರು ಬಂತು ಎಂದೇ ಅಭಿನಂದಿಸುತ್ತಾರೆ. ಮಾವನಿಗೆ ಫೋನು ಮಾಡಿ ನಡೆದದ್ದು ಹೇಳಿದೆ. ಘಾಟಿಯ ತಿರುವಿನಲ್ಲಿ ನಗುವ ಹಾಗೆ ನಿಧಾನವಾಗಿ ನಕ್ಕು, “ಅವ್ರದ್ದು ಗೂಟ ಹೋದ್ರೆ ಕೆಂಪು ದೀಪ ಹೋಗುತ್ತೆ, ನಿಂದು ಗೂಟ ಹೋಗಿ ಕೆಂಪೆಣ್ಣೆ ಬಂತಲ್ಲೋ” ಎಂದರು. ಆಮೇಲೆ, “ಇಳ್ಸು ಮತ್ತೆ” ಎಂದರು.

ಬಿಚ್ಚಿದ್ದನ್ನು ಜೋಡಿಸುವುದರಲ್ಲಿ ಒಂದು ಹೆಮ್ಮೆಯಿದೆ. ಊರಿಗೆಲ್ಲ ಡಂಗುರ ಹೊಡೆದ ಮೇಲೆ, ಜೋಡಿಸಿದ್ದನ್ನು ತಾನೇ ಮತ್ತೆ ಬಿಚ್ಚುವುದರಲ್ಲಿ ಏನೂ ಇಲ್ಲ, ಬೆನ್ನುನೋವು ಬಿಟ್ಟರೆ. ಮಕ್ಕಳೂ ನೋಡಲು ಬರಲಿಲ್ಲ. ಆದರೆ ಮೂರು ವಾರಾಂತ್ಯ ನುಂಗಿದ್ದ ಕೆಲಸ ಈ ಸಲ ಒಂದೂವರೆ ದಿನಕ್ಕೆ ಆಯಿತು. ಯಾವ ಬೋಲ್ಟಿಗೆ ಎಷ್ಟುದ್ದದ ಹಿಡಿ ಬೇಕು, ಯಾವುದನ್ನು ಕಣ್ಣಿಂದ ನೋಡುವಂತಿಲ್ಲ, ಬೆರಳಿಂದ ತಡಕಬೇಕು ಎಂಬುದು ಮೈಗೆ ಗೊತ್ತಿತ್ತು. ಹಳೆಯ ಪೆಟ್ಟಿಗೆಯಿಂದ ಗೂಟ ಕೀಳಲು ಒಂದು ಸಂಜೆ ಹಿಡಿಯಿತು. ತುಕ್ಕು ಬಿಡಿಸುವ ಎಣ್ಣೆ ಕುಡಿಸಿ, ಕಾಯಿಸಿ, ಬಡಿದು, ಬೈದು. ಹೊಸ ಸೀಲು ಹಾಕಿದೆ. ಪಂಪಿಗೆ ಪೆಟ್ಟಾಗಿರಲಿಲ್ಲ.

ಅಜ್ಜ ಮತ್ತೆ ಬಂದು ಕೂತರು. ಗೂಟದ ವಿಷಯ ಅವರಿಗೆ ಹೇಳಿರಲಿಲ್ಲ. ಕೇಳಲೂ ಇಲ್ಲ ಅವರು. ಎಂಜಿನ್ನಿನ ಬೆನ್ನಿನ ಮೇಲೆ ಹೊಸದಾಗಿ ಮಿನುಗುತ್ತಿದ್ದ ಎರಡು ಚುಕ್ಕಿಗಳನ್ನು ನೋಡಿದರು, ನನ್ನನ್ನು ನೋಡಿದರು, ಕಣ್ಣು ಮುಚ್ಚಿಕೊಂಡು ಎಣಿಸಲು ತಯಾರಾದರು. ಮೂರೂ ಕಟಕ್ ಐದೇ ನಿಮಿಷದಲ್ಲಿ ಬಿದ್ದವು.

ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹೊತ್ತದ್ದೂ ಅದೇ ಗಾಡಿ, ತನ್ನ ಹಳೇ ಕರುಳನ್ನು ತಾನೇ ಬೆನ್ನ ಮೇಲೆ ಹಾಕಿಕೊಂಡು. ಠೇವಣಿಯ ಗಡುವಿಗೆ ಎರಡು ದಿನ ಉಳಿದಿತ್ತು. ಗುಜರಿಯವನು ಫೋರ್ಕ್‌ಲಿಫ್ಟ್ ತಂದು, ಸರಪಳಿ ಕಟ್ಟುತ್ತಾ ಕೇಳಿದ: “ಎಣ್ಣೆ ಪೂರ್ತಿ ಖಾಲಿ ಮಾಡಿದ್ದೀಯಲ್ಲ?”

“ಹ್ಞೂಂ” ಎಂದೆ.

ತಟ್ಟೆಯಲ್ಲಿದ್ದದ್ದನ್ನು ಖಾಲಿ ಮಾಡಿದ್ದೆ. ಕನ್ವರ್ಟರು ತನ್ನ ಹೊಟ್ಟೆಯಲ್ಲಿದ್ದದ್ದನ್ನು ಇಟ್ಟುಕೊಂಡಿತ್ತು. ಸರಪಳಿ ಎಳೆದು ಪೆಟ್ಟಿಗೆ ವಾಲಿದ್ದೇ, ಒಂದು ಕ್ವಾರ್ಟಿನಷ್ಟು ಕರಿ ಡಿಕಾಕ್ಷನ್ ಗಳಗಳನೆ ಸುರಿದು ಅವನ ಎಡಗಾಲಿನ ಬೂಟಿನೊಳಗೆ ಇಳಿಯಿತು. ಅವನು ನನ್ನ ಮುಖ ನೋಡಿದ. ನಾನು ಬೂಟು ನೋಡಿದೆ.